ಹಾಲಿನ ಡಬ್ಬಿಯಲ್ಲಿ ಬಂದ ಸೈಟು

ದೆವ್ವ, ಜಿನ್ನು, ಶಕುನ, ಕನಸಿನಲ್ಲಿ ಬಂದು ಬುದ್ಧಿ ಹೇಳುವ ಹಿರಿಯರು, ಇದರಲ್ಲಿ ಒಂದನ್ನೂ ನಾನು ನಂಬಿದವಳಲ್ಲ. ಚಿಕ್ಕವಳಿದ್ದಾಗ ಅಕ್ಕಂದಿರು ಹುಣಸೆಮರದ ಕೆಳಗೆ ಹೋಗಲು ಹೆದರುತ್ತಿದ್ದರೆ, ನಾನು ಅಪ್ಪನ ಹೆಗಲ ಮೇಲಿನ ಬಿಳಿ ಬೈರಾಸು ಹೊದ್ದು ಅಲ್ಲೇ ಕೂತು ಅವರನ್ನು ಹೆದರಿಸುತ್ತಿದ್ದೆ. ನನ್ನನ್ನು ಕಂಡರೆ ಪ್ರೇತಗಳೇ ದಾರಿ ಬಿಟ್ಟು ಹೋದಾವು ಎಂದು ಮದುವೆಯಾದ ಮೇಲೆ ನಮ್ಮವರು ಹೇಳಿದ್ದುಂಟು. ಹಾಗಾಗಿ ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಿಮಗಿಂತ ಜೋರಾಗಿ ನಗುತ್ತಿದ್ದೆ.

ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದೆ ಇದ್ದದ್ದನ್ನು ಈಗ ಬರೆಯಲು ಕಾರಣ ಮೊಮ್ಮಗಳು. ಅವಳು ನನಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿಸಿ ಇನ್ನೂ ತಿಂಗಳಾಗಿಲ್ಲ. ಒಂದು ಅಕ್ಷರ ಒತ್ತಿದರೆ ಸಾಕು, ಮೂರು ಶಬ್ದ ಎದುರಿಟ್ಟು ಇದರಲ್ಲಿ ಯಾವುದು ಎಂದು ಕೇಳುತ್ತದೆ. ತೀರಿಹೋದ ನನ್ನ ಅತ್ತೆಯ ಹಾಗೆ, ನಾನು ಬಾಯಿ ತೆರೆಯುವ ಮೊದಲೇ ಇದಕ್ಕೆ ಎಲ್ಲ ಗೊತ್ತು. ಈ ಕತೆಗೂ ಅತ್ತೆಯೇ ಮೂಲ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಆಗಷ್ಟೇ ಶುರುವಾಗಿತ್ತು. ನಾವಿದ್ದದ್ದು ಬಹರೈನಿನ ಗುದೈಬಿಯಾದಲ್ಲಿ. ಈಗ ಸೀಫ್‌ನಲ್ಲಿ ಮಾಲುಗಳು ನಿಂತಿರುವ ಕಡೆ ಆಗ ಸಮುದ್ರದ ನೀರಿತ್ತು. ನಮ್ಮ ಓಣಿಯಲ್ಲಿ ಎರಡಂತಸ್ತಿನ ಮನೆಯೇ ದೊಡ್ಡದು. ಓಣಿಯ ತುದಿಯಲ್ಲಿ ಖುಬ್ಬೂಸ್ ರೊಟ್ಟಿ ಸುಡುವ ಅಂಗಡಿ. ಬೆಳಿಗ್ಗೆ ಅದರ ವಾಸನೆಗೇ ನಮಗೆ ಎಚ್ಚರವಾಗುತ್ತಿತ್ತು. ನಮ್ಮದು ಒಂದು ಹಳೆಯ ಮನೆಯ ಹಿಂಭಾಗ. ಮುಂಭಾಗದಲ್ಲಿ ಮನೆಯ ಒಡತಿ ಉಮ್ಮ್ ಯೂಸುಫ್ ಇದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳೆಲ್ಲ ಮದುವೆಯಾಗಿ ಬೇರೆ ಇದ್ದರು. ನಡುವೆ ಇಬ್ಬರಿಗೂ ಸೇರಿದ ಸಿಮೆಂಟಿನ ಅಂಗಳ, ಒಂದು ಬಾದಾಮಿ ಮರ, ಒಂದು ನೀರಿನ ನಳ್ಳಿ. ನಾನು ಅವರನ್ನು ಅಲ್ಲಿಯವರ ಹಾಗೆ ಯುಮ್ಮಾ ಎಂದು ಕರೆಯುತ್ತಿದ್ದೆ, ಎಂದರೆ ಅಮ್ಮಾ. ಅವರದ್ದು ಅರಬ್ಬಿ ಬೆರೆತ ಹಿಂದಿ, ನನ್ನದು ತುಳು ಬೆರೆತ ಹಿಂದಿ. ಎರಡೂ ಹಿಂದಿಯವರಿಗೆ ಅರ್ಥವಾಗುವ ಹಾಗಿರಲಿಲ್ಲ, ನಮಗಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ಮನೆ ನನಗೆ ತುಂಬಾ ಇಷ್ಟ. ಬಾಡಿಗೆಯದ್ದೆಂದು ನಾನು ಯಾವತ್ತೂ ಎಣಿಸಿದ್ದಿಲ್ಲ. ಗೋಡೆಗೆ ನಾನೇ ಬಣ್ಣ ಬಳಿದೆ. ಅಡುಗೆಕೋಣೆಗೆ ಕಪಾಟು ಮಾಡಿಸಿದೆ. ಎಣ್ಣೆ ಡಬ್ಬಿ ಕತ್ತರಿಸಿ ತುಳಸಿ, ಬಸಳೆ ಎಲ್ಲ ನೆಟ್ಟೆ. ಬಸಳೆ ಅಲ್ಲಿನ ಬಿಸಿಲಿಗೆ ಹೆದರದೆ ಉಮ್ಮ್ ಯೂಸುಫ್ ಅವರ ಕಿಟಕಿಯವರೆಗೆ ಹಬ್ಬಿತು. ಬಾಡಿಗೆ ಮನೆಗೆ ಯಾಕೆ ಇಷ್ಟು ಸುರಿಯುವುದು ಎಂದು ನಮ್ಮವರು ಗೊಣಗುತ್ತಿದ್ದರು. ಅವರು ಸಲ್ಮಾಬಾದಿನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಬೆಳಿಗ್ಗೆ ಕಂಪನಿಯ ಪಿಕಪ್ಪಿನಲ್ಲಿ ಹೋದರೆ ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಬರುತ್ತಿದ್ದರು. ಅಂಗಳದ ನಳ್ಳಿಯಲ್ಲಿ ಸೋಪಿನ ಪುಡಿ ಹಾಕಿ ಕೈ ತಿಕ್ಕಿದ ಮೇಲೆಯೇ ಒಳಗೆ ಬರುವ ಕ್ರಮ. ಮಗಳಿಗೆ ಆಗ ಮೂರು ವರ್ಷ.

ಶುಕ್ರವಾರ ಊರಿನವರೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಗಂಡಸರ ಬಾಯಲ್ಲಿ ಒಂದೇ ಮಾತು, ಸೈಟು. ಯಾರು ಎಲ್ಲಿ ಎಷ್ಟು ಸೆಂಟ್ಸು ತೆಗೆದುಕೊಂಡರು, ಯಾರ ಜಾಗಕ್ಕೆ ಬಸ್ಸು ಹೋಗುತ್ತದೆ, ಯಾರ ಜಾಗದ ಬಾವಿಯಲ್ಲಿ ಬೇಸಗೆಗೂ ನೀರುಂಟು. ಬಹರೈನಿನಲ್ಲಿ ನಮ್ಮಂಥವರು ಅಂಗೈಯಗಲ ನೆಲ ಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ದುಡಿದದ್ದೆಲ್ಲ ಊರಿನ ಮಣ್ಣಿಗೆ ಹೋಗಬೇಕು. ಹೆಂಗಸರಾದ ನಮಗೆ ಇದರ ಇನ್ನೊಂದು ಮುಖ ಗೊತ್ತಿತ್ತು. ಸೈಟು ಕೊಂಡವ ಮನೆ ಕಟ್ಟಿಸಬೇಕು. ಕಟ್ಟಿಸುವಾಗ ನೋಡಿಕೊಳ್ಳಲು ಮನೆಯವರೇ ಬೇಕು. ಮಕ್ಕಳ ಶಾಲೆಯೂ ಅಲ್ಲೇ ಆಗಲಿ ಎನ್ನುತ್ತಾರೆ. ಹೀಗೆ, ತಾರಸಿ ಹಾಕುವ ಹೊತ್ತಿಗೆ ಹೆಂಡತಿ ವಿಮಾನ ಹತ್ತಿ ಆಗಿರುತ್ತದೆ. ಗಂಡ ಇಲ್ಲಿ ಬ್ಯಾಚುಲರ್ ರೂಮಿಗೆ ಹೋಗುತ್ತಾನೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ತಾನು ಕಟ್ಟಿಸಿದ ಮನೆಯಲ್ಲಿ ನೆಂಟನ ಹಾಗೆ ಉಳಿದು, ಮತ್ತೆ ಸೂಟ್‌ಕೇಸು ಎತ್ತುತ್ತಾನೆ. ನಮ್ಮ ಶುಕ್ರವಾರದ ಗುಂಪಿನಿಂದ ಹೆಂಗಸರು ಒಬ್ಬೊಬ್ಬರಾಗಿ ಹೀಗೇ ಕಾಣೆಯಾಗಿದ್ದರು.

ನಮಗೂ ಆ ವರ್ಷ ಸೈಟು ಬಂತು. ಮಂಗಳೂರಿನ ಹೊರಗೆ ಒಂದು ಗುಡ್ಡ ಸಮತಟ್ಟು ಮಾಡಿ ಹೊಸ ಬಡಾವಣೆ ಮಾಡುತ್ತಿದ್ದರು. ನಮ್ಮವರ ಅಣ್ಣ ಹೋಗಿ ನೋಡಿ, ಮೂಲೆಯ ಜಾಗ, ಎರಡು ಬದಿಗೂ ರಸ್ತೆ, ಇಂಥದ್ದು ಮತ್ತೆ ಸಿಗುವುದಿಲ್ಲ ಎಂದು ತಿಳಿಸಿದರು. ನಮ್ಮವರ ಕಣ್ಣಲ್ಲಿ ಮನೆ ಎದ್ದು ನಿಂತೇಬಿಟ್ಟಿತು. ಊಟದ ತಟ್ಟೆಯಲ್ಲಿ ಸಾರಿನಿಂದ ಗೆರೆ ಎಳೆದು, ಇದು ಚಾವಡಿ, ಇದು ನಿನ್ನ ಅಡುಗೆಕೋಣೆ ಎಂದು ತೋರಿಸುತ್ತಿದ್ದರು. ನಿಮ್ಮ ಕೋಣೆ ಎಲ್ಲಿ ಎಂದು ನಾನು ಕೇಳಿದರೆ, "ನಾನು ಬಂದಾಗ ಎಲ್ಲಾದ್ರೂ ಮಲಗ್ತೇನೆ ಮಾರಾಯ್ತಿ" ಎಂದು ನಗುತ್ತಿದ್ದರು. ಆ ಮಾತು ಕೇಳಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ನಿಮ್ಮನ್ನು ಬಿಟ್ಟು ಹೋಗಲಾರೆ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಆ ಕಾಲದಲ್ಲಿ ಗಂಡನಿಗೆ ಅಂಥ ಮಾತು ಹೇಳುವುದಕ್ಕಿಂತ ಹಾವು ಹಿಡಿಯುವುದು ಸುಲಭ.

ಆಗ ಅತ್ತೆಯ ಕ್ಯಾಸೆಟ್ ಬಂತು. ಅವರಿಗೆ ಓದುಬರಹ ಬಾರದು. ಟೇಪ್ ರೆಕಾರ್ಡರ್ ಎದುರು ಕೂತು ಮಾತಾಡಿ ಕ್ಯಾಸೆಟ್ ಕಳಿಸುತ್ತಿದ್ದರು. ನಾವು ಇಬ್ಬರೂ ಚಾಪೆಯ ಮೇಲೆ ಕೂತು ಕೇಳುತ್ತಿದ್ದೆವು. ಅವರ ಸ್ವರದ ಹಿಂದಿನಿಂದ ಕೋಳಿ ಕೂಗುತ್ತಿತ್ತು. ಅತ್ತೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಮಗಾ, ಮನೆಯ ಹೆಂಗಸಿನ ಬಲಗಾಲು ತಾಗದೆ ಜಾಗಕ್ಕೆ ಮುಂಗಡ ಕೊಡ್ಲಿಕ್ಕಿಲ್ಲ. ನಿನ್ನ ಅಪ್ಪ ಈ ಜಾಗ ತಕೊಳ್ಳುವಾಗ ನನ್ನನ್ನು ಗಾಡಿಯಲ್ಲಿ ಕೂರಿಸಿ ಕರಕೊಂಡು ಬಂದು ಕಾಲು ಇಡ್ಸಿದ್ರು. ಈಗ ಅವಳಿಗೆ ಬರ್ಲಿಕ್ಕೆ ಆಗುದಿಲ್ಲ ಅಂತಾದ್ರೆ ಮಣ್ಣೇ ಅಲ್ಲಿಗೆ ಹೋಗ್ಲಿ. ಕಾಲು ಇಟ್ಟಾಗ ಎಂತ ಆಗ್ತದೆ, ಬಿಸಿಯಾ ತಂಪಾ, ಅವಳೇ ಹೇಳ್ಬೇಕು. ಸುಳ್ಳು ಹೇಳ್ಬೇಡ ಅಂತ ಹೇಳು. ನಂಗೆ ಅವಳು ಗೊತ್ತುಂಟು."

ನಮ್ಮವರು ನಕ್ಕು ನಕ್ಕು ಮಗುಚಿ ಬಿದ್ದರು. ನಾನೂ ನಕ್ಕೆ. ಆದರೆ ನನ್ನ ತಲೆಯಲ್ಲಿ ಅಷ್ಟರಲ್ಲೇ ಒಂದು ನಾಟಕ ಸಿದ್ಧವಾಗಿತ್ತು. ಮಣ್ಣು ಬರಲಿ, ಬಲಗಾಲು ಇಡುತ್ತೇನೆ, "ಅಯ್ಯೋ, ಸುಡ್ತದೆ!" ಎಂದು ಕಿರುಚಿ ಅಲ್ಲೇ ಕುಸಿದು ಕೂರುತ್ತೇನೆ. ಅಲ್ಲಿಗೆ ಸೈಟಿನ ಕತೆ ಮುಗಿಯಿತು. ಅತ್ತೆಯ ಮಾತನ್ನು ಮಗ ಮೀರುವುದಿಲ್ಲ.

ಮಣ್ಣು ತಂದವರು ವಿಠಲಣ್ಣ. ನಮ್ಮವರ ಗ್ಯಾರೇಜಿನಲ್ಲೇ ಪೈಂಟರ್, ರಜೆ ಮುಗಿಸಿ ಬರುವವರಿದ್ದರು. ಭಾವನವರು ಸೈಟಿನ ನಡುವಿನಿಂದಲೇ ಮಣ್ಣು ಅಗೆದು, ಒಣಗಿಸಿ, ಜರಡಿ ಹಿಡಿದು, ದೊಡ್ಡ ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿಸಿ ಕೊಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಡಬ್ಬಿ ಬಿಚ್ಚಿ, ಈ ಕೆಂಪು ಪುಡಿ ಏನು ಎಂದು ಕೇಳಿದನಂತೆ. ವಿಠಲಣ್ಣ ಗಾಬರಿಯಲ್ಲಿ ಮದ್ದು ಎಂದುಬಿಟ್ಟರು. ಮದ್ದಾದರೆ ತಿಂದು ತೋರಿಸು ಎಂದನಂತೆ ಅವ.

"ತಿಂದೆ ಅಕ್ಕ," ಎಂದು ವಿಠಲಣ್ಣ ನಮ್ಮ ಬಾಗಿಲಲ್ಲಿ ನಿಂತು ಹೇಳಿದರು. "ಒಂದು ಚಿಟಿಕೆ ಬಾಯಿಗೆ ಹಾಕಿ ನೀರು ಕುಡಿದೆ. ನಿಮ್ಮ ಸೈಟಿನ ಒಂದು ಮೂಲೆ ಈಗ ನನ್ನ ಹೊಟ್ಟೆಯಲ್ಲುಂಟು."

ಶುಕ್ರವಾರ ಬೆಳಿಗ್ಗೆ ಕಾಲು ಇಡುವುದು, ಶನಿವಾರ ಊರಿಗೆ ಟ್ರಂಕ್ ಕಾಲ್ ಮಾಡಿ ಹೂಂ ಅಥವಾ ಊಹೂಂ ಹೇಳುವುದು ಎಂದು ತೀರ್ಮಾನವಾಯಿತು. ಗುರುವಾರ ಮಧ್ಯಾಹ್ನ ನಾನು ಮಗಳನ್ನು ಮಲಗಿಸಿದೆ. ಓಣಿಯಲ್ಲಿ ಸದ್ದಿಲ್ಲ, ಊರಿಗೆ ಊರೇ ಬಾಗಿಲು ಹಾಕಿ ಮಲಗಿತ್ತು. ನಾಟಕಕ್ಕೆ ಮೊದಲು ಒಂದು ರಿಹರ್ಸಲ್ ಬೇಡವೇ? ನಾನು ಡಬ್ಬಿ ತೆಗೆದುಕೊಂಡು ಅಂಗಳಕ್ಕೆ ಹೋದೆ. ಬಾದಾಮಿ ಮರದ ನೆರಳಿನಲ್ಲಿ ಮಣ್ಣು ಸುರಿದು, ಕಾಲೊರಸಿನಷ್ಟು ಅಗಲಕ್ಕೆ ಕೈಯಿಂದ ಸಮ ಮಾಡಿದೆ. ಸಾಣಿಸಿದ ಹಿಟ್ಟಿನ ಹಾಗೆ ನುಣ್ಣಗಿತ್ತು.

ಸಿಮೆಂಟಿನ ನೆಲ ಕಾದಿತ್ತು. ಹಾಗಾಗಿ ಬಲಗಾಲಿನ ಹವಾಯಿ ಚಪ್ಪಲಿ ಮಾತ್ರ ಕಳಚಿದೆ. ಎಡಗಾಲಿನದ್ದು ಕಾಲಲ್ಲೇ ಇತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಾನು ಸಾವಿರ ಸಲ ನೆನಪು ಮಾಡಿಕೊಂಡಿದ್ದೇನೆ. ಎಡಗಾಲನ್ನು ಸಿಮೆಂಟಿನ ಮೇಲೆ ಇಟ್ಟುಕೊಂಡು, ಬಲಗಾಲನ್ನು ಮಣ್ಣಿನ ಮೇಲಿಟ್ಟೆ. ಮಣ್ಣು ತಂಪಾಗಿತ್ತು. ಅಷ್ಟು ಹೊತ್ತು ಡಬ್ಬಿಯಲ್ಲಿ ಕಾದ ಮಣ್ಣು, ಬಾವಿಯ ತಳದಿಂದ ತೆಗೆದ ಹಾಗೆ ತಂಪು. ನಾನು ಮಾತ್ರ ನನ್ನ ಪಾಠ ಬಿಡಲಿಲ್ಲ. ಮೆಲ್ಲಗೆ "ಅಯ್ಯೋ, ಸುಡ್ತದೆ" ಎಂದೆ. ಸರಿ ಬರಲಿಲ್ಲ. ಇನ್ನೊಮ್ಮೆ ಮುಖ ಕಿವುಚಿ ಹೇಳಿದೆ. ನನಗೇ ನಗು ಬಂತು. ಕಾಲು ತೆಗೆದೆ.

ಮಣ್ಣಿನಲ್ಲಿ ಎರಡು ಕಾಲಿನ ಗುರುತಿತ್ತು.

ಬಲಗಾಲು, ಅದರ ಪಕ್ಕಕ್ಕೆ ಎಡಗಾಲು. ಒಬ್ಬ ಹೆಂಗಸು ಎರಡೂ ಪಾದ ಜೋಡಿಸಿ ನಿಂತ ಹಾಗೆ. ಗೊತ್ತಿಲ್ಲದೆ ಎಡಗಾಲನ್ನೂ ಇಟ್ಟಿರಬೇಕು ಎಂದುಕೊಂಡೆ. ಆದರೆ ಎಡಗಾಲಲ್ಲಿ ಚಪ್ಪಲಿ ಇತ್ತು, ಮಣ್ಣಿನಲ್ಲಿದ್ದದ್ದು ಬರಿಗಾಲು, ಬೆರಳುಗಳೆಲ್ಲ ಬಿಡಿಬಿಡಿಯಾಗಿ ಮೂಡಿದ್ದವು. ಚಪ್ಪಲಿ ಕಳಚಿ ಅಂಗಾಲು ತಿರುಗಿಸಿ ನೋಡಿದೆ. ಬಲದ್ದು ಕೆಂಪಗಿತ್ತು. ಎಡದ್ದರಲ್ಲಿ ಒಂದು ಕಣ ಮಣ್ಣಿರಲಿಲ್ಲ.

ಪಾದ ನನ್ನದೇ. ನನ್ನ ಎರಡೂ ಕಾಲಿನ ಕಿರುಬೆರಳು ಒಳಕ್ಕೆ ಮಡಚಿ ಪಕ್ಕದ ಬೆರಳಿಗೆ ಅಂಟಿಕೊಂಡಿರುತ್ತದೆ, ಹುಟ್ಟಿದಾಗಿಂದ ಹಾಗೆ. ಆ ಗುರುತಿನಲ್ಲೂ ಹಾಗೇ ಇತ್ತು. ಬಗ್ಗಿ ಕೂತು ಹತ್ತಿರದಿಂದ ನೋಡಿದೆ. ಬಲಗಾಲಿನ ಎರಡನೆಯ ಬೆರಳಿನ ಬುಡದಲ್ಲಿ ಕಾಲುಂಗುರ ಒತ್ತಿದ ಗೆರೆ ಸ್ಪಷ್ಟವಾಗಿತ್ತು. ನನ್ನದು ಮದುವೆಯಲ್ಲಿ ಹಾಕಿದ ದಪ್ಪ ಬೆಳ್ಳಿಯದ್ದು. ಎಡಗಾಲಿನ ಗುರುತಿನಲ್ಲಿ ಆ ಗೆರೆ ಇರಲಿಲ್ಲ. ಬೆರಳು ನುಣ್ಣಗಿತ್ತು.

ನನ್ನ ಕಾಲಲ್ಲಿ ಎರಡೂ ಕಾಲುಂಗುರ ಇತ್ತು. ಮುಟ್ಟಿ ನೋಡಿಕೊಂಡೆ. ನಮ್ಮ ಕಡೆಯಲ್ಲಿ ಹೆಂಗಸಿನ ಕಾಲಿನಿಂದ ಅದನ್ನು ಯಾವಾಗ ತೆಗೆಯುತ್ತಾರೆ ಎಂದು ನಾನು ಬರೆಯಬೇಕಾಗಿಲ್ಲ. ಮೊದಲು ನೆನಪಾದದ್ದು ಸಲ್ಮಾಬಾದ್. ಜಾಕಿ ಕೊಟ್ಟು ಎತ್ತಿದ ಲಾರಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುವ ನಮ್ಮವರು.

ಅಷ್ಟರಲ್ಲಿ ಉಮ್ಮ್ ಯೂಸುಫ್ ನಮಾಜಿಗೆ ಕೈಕಾಲು ತೊಳೆಯಲು ಅಂಗಳಕ್ಕೆ ಬಂದರು. ನಾನು ನೆಲದ ಮೇಲೆ ಕೂತದ್ದನ್ನು ಕಂಡು ಹತ್ತಿರ ಬಂದು ಬಗ್ಗಿದರು.

"ಏನು ಮಗಳೇ, ಮಸಾಲೆ ಒಣಗಿಸುತ್ತಿದ್ದೀಯಾ?"

"ಮಣ್ಣು ಯುಮ್ಮಾ, ಊರಿನದ್ದು." ನಾನು ಬೆರಳು ತೋರಿಸಿದೆ. "ನಿಮಗೆ ಇದರಲ್ಲಿ ಎಷ್ಟು ಕಾಲು ಕಾಣ್ತದೆ?"

"ಎರಡು. ನನ್ನ ಕಣ್ಣಿಗೇನಾಗಿದೆ? ಒಂದರಲ್ಲಿ ನಿನ್ನ ಉಂಗುರ ಇದೆ. ಇನ್ನೊಂದು ಯಾರದ್ದು?"

ನಾನು ಅಳುತ್ತಾ ಎಲ್ಲ ಹೇಳಿದೆ. ಅತ್ತೆಯ ಕ್ಯಾಸೆಟ್ಟು, ನನ್ನ ನಾಟಕ, ಕಾಲುಂಗುರ ಇಲ್ಲದಿದ್ದರೆ ನಮ್ಮಲ್ಲಿ ಏನು ಅರ್ಥ, ಎಲ್ಲ. ಅವರು ಬಿಸ್ಮಿಲ್ಲಾ ಎಂದು ಬಾಯಲ್ಲೇ ಹೇಳಿಕೊಂಡರು. ಸ್ವಲ್ಪ ಹೊತ್ತು ಆ ಗುರುತನ್ನೇ ನೋಡಿದರು. ಆಮೇಲೆ ತಮ್ಮ ಉದ್ದ ಅಂಗಿಯನ್ನು ತುಸು ಎತ್ತಿ, ಚಪ್ಪಲಿಯಿಂದ ಪಾದ ಹೊರಗೆ ತೆಗೆದು ನನ್ನ ಮುಖದೆದುರು ಹಿಡಿದರು.

"ನೋಡು ಇದನ್ನು. ಗಂಡ ಇದ್ದಾಗಲೂ ಇದರಲ್ಲಿ ಉಂಗುರ ಇರಲಿಲ್ಲ. ಅವನು ಹೋದ ಮೇಲೂ ಇಲ್ಲ. ಅವನಿದ್ದಾಗ ಅವನ ಹಿಂದೆ ನಡೆಯಿತು, ಈಗ ಒಂಟಿಯಾಗಿ ನಡೆಯುತ್ತದೆ. ಕಾಲಿಗೆ ಏನು ಗೊತ್ತು ಮಗಳೇ?"

ಅಳುವಿನ ನಡುವೆ ನನಗೆ ನಗು ಬಂತು. ಅವರೂ ನಕ್ಕರು. ಆದರೆ ಮರುಕ್ಷಣ ನನ್ನ ಕೈ ಹಿಡಿದು, ಅದನ್ನು ಅಳಿಸಿಬಿಡು, ಗಂಡಸರಿಗೆ ಇದೆಲ್ಲ ಬೇಡ ಎಂದರು. ನಾನು ಅಂಗೈಯಿಂದ ಮಣ್ಣನ್ನು ಸಮ ಮಾಡಿದೆ. ಒಮ್ಮೆ ಅಲ್ಲ, ಹತ್ತು ಸಲ ಸವರಿದೆ. ಒಂದು ಗೆರೆಯೂ ಉಳಿಯಲಿಲ್ಲ. ಮಣ್ಣನ್ನು ಡಬ್ಬಿಗೆ ತುಂಬಲು ಹೊರಟಾಗ ಒಳಗಿನಿಂದ ಮಗಳು ಎದ್ದು ಅತ್ತಳು, ಹಾಗೇ ಬಿಟ್ಟು ಓಡಿದೆ. ಉಮ್ಮ್ ಯೂಸುಫ್ ನಮಾಜು ಮುಗಿಸಿ, ಮುಹರ್ರಖ್‌ನಲ್ಲಿದ್ದ ತಮ್ಮ ಮಗಳ ಮನೆಗೆ ಹೊರಟುಹೋದರು. ಆ ರಾತ್ರಿ ಅಲ್ಲೇ ಉಳಿಯುವವರಿದ್ದರು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ನನಗೆ ಗೊತ್ತಿಲ್ಲ. ನನ್ನ ಅವಸ್ಥೆ ನೋಡಿ. ಸುಳ್ಳು ಹೇಳಲು ವಾರದಿಂದ ಗಂಟಲು ಸರಿಮಾಡಿಕೊಂಡಿದ್ದವಳು, ಈಗ ನಿಜವಾದ ಕಾರಣವೇ ಸಿಕ್ಕಿದೆ, ಅದನ್ನು ಬಾಯಲ್ಲಿ ಆಡುವ ಹಾಗಿಲ್ಲ. ಅಂಥ ಮಾತನ್ನು ಗಂಡನ ಎದುರು ಆಡಿದರೆ ಕೇಡನ್ನು ನಾನೇ ಕರೆದ ಹಾಗೆ. ಆಡದಿದ್ದರೆ ಶನಿವಾರ ಅವರು ಹೂಂ ಎನ್ನುತ್ತಾರೆ, ಮನೆ ಏಳುತ್ತದೆ, ನಾನು ಅಲ್ಲಿ, ಅವರು ಇಲ್ಲಿ ಆ ಲಾರಿಗಳ ಕೆಳಗೆ. ಏನಾದರೂ ಆದರೆ ನನಗೆ ತಂತಿ ಬರಬೇಕು. ಬಸಳೆ ಕೊಯ್ದೆ, ತೆಂಗಿನಕಾಯಿ ತುರಿದೆ, ಎಂತ ಮಾಡಿದೆನೆಂದು ಗೊತ್ತಿಲ್ಲದೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೊನೆಗೆ ಒಂದು ಧೈರ್ಯ ಮಾಡಿದೆ. ಶಕುನ ಬೇಡ, ನಾಟಕ ಬೇಡ, ನಿಮ್ಮನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ನೆಟ್ಟಗೆ ಹೇಳಿಬಿಡುತ್ತೇನೆ. ನಾಚಿಕೆಯಾದರೆ ಆಗಲಿ.

ಸಂಜೆ ಬಾಂಗ್ ಕೇಳಿತು, ಪಿಕಪ್ಪಿನ ಸದ್ದೂ ಕೇಳಿತು. ನಮ್ಮವರು ಯಾವಾಗಿನ ಹಾಗೆ ಅಂಗಳಕ್ಕೆ ಹೋದರು. ನಳ್ಳಿ ಬಿಟ್ಟ ಸದ್ದು. ನಾನು ಅಡುಗೆಕೋಣೆಯಲ್ಲಿ ನಿಂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ನಳ್ಳಿ ಹೋಗುತ್ತಲೇ ಇತ್ತು. ಇಷ್ಟು ಹೊತ್ತು ಕೈ ತೊಳೆಯುತ್ತಾರೆಯೇ ಎಂದುಕೊಂಡೆ. ಆಮೇಲೆ ನಳ್ಳಿ ನಿಂತಿತು, ಆದರೆ ಅವರು ಬರಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಕಲ್ಲಿನಿಂದಲೋ ಏನೋ ಗುದ್ದಿದ ಸದ್ದು ಕೇಳಿತು.

ಬಾಗಿಲಲ್ಲಿ ಬಂದು ನಿಂತರು. ಪ್ಯಾಂಟಿನ ಕಾಲು ಮಡಚಿತ್ತು, ಬರಿಗಾಲು. ನಾನು ಬಾಯಿ ತೆರೆಯುವ ಮೊದಲೇ ಅವರೆಂದರು:

"ಸೈಟು ಬೇಡ."

"ಯಾಕೆ? ಎಂತ ಆಯ್ತು?"

"ಎಂತ ಇಲ್ಲ. ನಿನ್ನನ್ನು ಅಲ್ಲಿಗೆ ಕಳಿಸಿ, ನಾನಿಲ್ಲಿ ವಿಠಲನ ಗೊರಕೆ ಕೇಳ್ಕೊಂಡು ಮಲಗ್ಬೇಕಾ? ನಂಗೆ ಆಗುದಿಲ್ಲ."

ನಾನು ಹೇಳಬೇಕೆಂದಿದ್ದದ್ದನ್ನು ಅವರೇ ಹೇಳಿದ್ದರು. ನನಗೆ ಅಳು ತಡೆಯಲಿಲ್ಲ. ಅವರು ಯಾವತ್ತೂ ಮಾಡದ ಕೆಲಸ ಮಾಡಿದರು. ಮಗಳ ಎದುರೇ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಅವರ ಒದ್ದೆ ಕೈ ನನ್ನ ಕೆನ್ನೆಗೆ ತಾಗಿತು. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಬಹರೈನಿನಲ್ಲಿ ಬೇಸಗೆ ಕಳೆದವರಿಗೆ ಗೊತ್ತು, ಆ ತಿಂಗಳುಗಳಲ್ಲಿ ಸಂಜೆಯಾದರೂ ಟಾಂಕಿಯ ನೀರಿನಲ್ಲಿ ಕೈ ಇಡಲಾಗುವುದಿಲ್ಲ, ಸುಡುತ್ತದೆ.

ಡಬ್ಬಿ ಅಂಗಳದ ಮೂಲೆಯಲ್ಲಿತ್ತು, ಮುಚ್ಚಳ ಬಿಗಿಯಾಗಿ ಕೂತಿತ್ತು. ಮಣ್ಣು ಹರಡಿದ್ದ ಜಾಗವನ್ನು ನೀರು ಹೊಯ್ದು ತೊಳೆದಿದ್ದರು. ಮಣ್ಣನ್ನು ಅವರು ಎಸೆಯಲು ಬಿಡಲಿಲ್ಲ, ಅದರ ಜಾಗಕ್ಕೇ ಹೋಗಬೇಕು ಎಂದು ಊರಿಗೆ ಹೊರಟ ಇನ್ನೊಬ್ಬರ ಕೈಯಲ್ಲಿ ವಾಪಸು ಕಳಿಸಿದರು. ವಿಠಲಣ್ಣನಿಗೆ ಇದು ತಿಳಿದು ಸಿಟ್ಟೇ ಬಂತು. "ನಾನು ತಿಂದು ತಂದದ್ದು ಮಾರಾಯ್ರೆ! ವಾಪಸು ಕಳಿಸುದಾದ್ರೆ ನನ್ನ ಹೊಟ್ಟೆಯಲ್ಲಿದ್ದದ್ದನ್ನು ಎಂತ ಮಾಡುದು?" ಅತ್ತೆಯ ಮುಂದಿನ ಕ್ಯಾಸೆಟ್ಟಿನಲ್ಲಿ ನನಗೇ ಬೈಗುಳ. "ಅವಳೇ ಏನಾದ್ರೂ ನಾಟಕ ಮಾಡಿರ್ತಾಳೆ. ನಾನು ಮೊದ್ಲೇ ಹೇಳಿದ್ದೆ." ಮಾಡದ ನಾಟಕಕ್ಕೆ ಬೈಗುಳ ತಿಂದವಳು ನಾನೊಬ್ಬಳೇ ಇರಬೇಕು.

ಆಮೇಲೆ ನಾವು ಗುದೈಬಿಯಾದ ಆ ಮನೆಯಲ್ಲೇ ಬಹಳ ವರ್ಷ ಇದ್ದೆವು. ಮಗಳು ಅಲ್ಲೇ ಶಾಲೆಗೆ ಹೋದಳು. ಉಮ್ಮ್ ಯೂಸುಫ್ ಅವರ ಕೊನೆಗಾಲದಲ್ಲಿ ಅವರಿಗೆ ಗಂಜಿ ಕುಡಿಸಿದವಳು ನಾನು. ಆ ದಿನದ ವಿಷಯವನ್ನು ಅವರು ಗಂಡಸರ ಎದುರು ಒಂದು ಸಲವೂ ಎತ್ತಲಿಲ್ಲ. ನನ್ನಲ್ಲಿ ಮಾತ್ರ ಒಮ್ಮೊಮ್ಮೆ, ನಿನ್ನ ಇನ್ನೊಂದು ಕಾಲು ಹೇಗಿದೆ ಎಂದು ಕೇಳಿ ಕಣ್ಣು ಮಿಟುಕಿಸುತ್ತಿದ್ದರು.

ಮಂಗಳೂರಿನ ಆ ಮೂಲೆಯ ಸೈಟನ್ನು ಬೇರೆಯವರು ಕೊಂಡು ಮನೆ ಕಟ್ಟಿದರು. ಗಂಡಹೆಂಡತಿ ಇಬ್ಬರೂ ಮೇಷ್ಟ್ರು. ರಜೆಯಲ್ಲಿ ಹೋದಾಗ ಅದರ ಎದುರಿನಿಂದಲೇ ಬಸ್ಸು ಹೋಗುತ್ತಿತ್ತು, ನಾನು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದೆ. ಅವರಿಗೆ ಏನೂ ಆಗಲಿಲ್ಲ. ಇಬ್ಬರೂ ತಲೆ ಹಣ್ಣಾಗುವವರೆಗೆ ಜೊತೆಯಾಗಿ ಗೇಟಿನ ಹತ್ತಿರ ನಿಂತು ತರಕಾರಿ ಕೊಳ್ಳುತ್ತಿದ್ದರು. ಹಾಗಾದರೆ ಮಣ್ಣಿನ ತಪ್ಪಿಲ್ಲ. ನಾವು ಕೊನೆಗೆ ಮಂಗಳೂರಿನಲ್ಲಿ ಒಂದು ಫ್ಲಾಟ್ ತೆಗೆದುಕೊಂಡೆವು. ನೆಲಮಹಡಿಯದ್ದು ಅಗ್ಗಕ್ಕೆ ಸಿಗುತ್ತಿತ್ತು, ಎದುರು ಹೂವಿನ ಗಿಡಕ್ಕೆ ಜಾಗವೂ ಇತ್ತು. ನಮ್ಮವರು ಒಪ್ಪಲೇ ಇಲ್ಲ. ಮೇಲೆಯೇ ಆಗಬೇಕು, ಮಣ್ಣು ಬೇಡ ಎಂದು ಹಟ ಹಿಡಿದರು. ಕಾರಣ ಕೇಳಿದರೆ ಇರುವೆ ಬರುತ್ತದೆ ಎಂದರು.

ಇದನ್ನೆಲ್ಲ ಬರೆಯುವ ಮೊದಲು ಮೊಮ್ಮಗಳಿಗೆ ಹೇಳಿದೆ. ಸೆಕೆಗೆ ತಲೆ ತಿರುಗಿರಬೇಕು ಅಜ್ಜಿ, ಎಂದಳು. ಸೆಕೆಗೆ ನನ್ನ ತಲೆ ತಿರುಗಿತು ಅನ್ನೋಣ. ಹುಟ್ಟಿದಾಗಿಂದ ಆ ಸೆಕೆಯಲ್ಲೇ ಇದ್ದ ಉಮ್ಮ್ ಯೂಸುಫ್ ಅವರ ತಲೆಯೂ ಅದೇ ಕ್ಷಣಕ್ಕೆ ತಿರುಗಿತೇ?

ಇನ್ನೊಂದು ಸಂಗತಿ ಉಂಟು, ಹೇಳಲೋ ಬೇಡವೋ ಎಂದು ಯೋಚಿಸಿದೆ. ಈಚೆಗೆ ನನ್ನ ಕಾಲು ಊದಿಕೊಳ್ಳುತ್ತದೆ. ಈ ಸಲ ಮಗಳ ಮನೆಗೆಂದು ಬಹರೈನಿಗೆ ಬಂದ ಮೇಲೆ ಎಡಗಾಲಿನ ಕಾಲುಂಗುರ ಬೆರಳಿಗೆ ಕಚ್ಚಿ ಹುಣ್ಣಾಯಿತು. ಅಕ್ಕಸಾಲಿಗನ ಅಂಗಡಿಯಲ್ಲಿ ಅದನ್ನು ಕತ್ತರಿಸಿ ತೆಗೆಸಬೇಕಾಯಿತು. ಬಲದ್ದು ಸಡಿಲವಿದ್ದ ಕಾರಣ ಉಳಿಯಿತು. ಆ ದಿನ ಸ್ನಾನ ಮಾಡಿ ಹೊರಗೆ ಬಂದಾಗ ನೆಲದ ಮೇಲೆ ನನ್ನ ಒದ್ದೆ ಪಾದದ ಗುರುತು ನೋಡಿ, ಗೋಡೆ ಹಿಡಿದು ನಿಂತುಬಿಟ್ಟೆ. ಅಂದು ಆ ಮಣ್ಣಿನ ಮೇಲೆ ನನ್ನ ಪಕ್ಕ ನಿಂತದ್ದು ಈಗಿನ ನಾನೇ? ಹಾಗಾದರೆ ಅದು ಕೆಟ್ಟ ಶಕುನ ಆಗಿರಲೇ ಇಲ್ಲವೇ? ಮುದುಕಿಯಾಗುವವರೆಗೆ ಇವರ ಜೊತೆ ಇರುತ್ತೀ ಎಂದು ಹೇಳಲು ಬಂದದ್ದೇ? ಒಂದು ದಿನ ಹೌದು ಎನಿಸುತ್ತದೆ, ಮರುದಿನ ಅಲ್ಲ ಎನಿಸುತ್ತದೆ. ನಿಮಗೆ ಯಾರಿಗಾದರೂ ತಿಳಿದರೆ ನನಗೆ ಹೇಳಿ. ನನಗಂತೂ ಇವತ್ತಿಗೂ ತಿಳಿದಿಲ್ಲ.

ಕಳೆದ ವಾರ ಇಲ್ಲಿ ಜುಫೈರಿನ ಮಗಳ ಮನೆಯ, ಹದಿಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಾನೂ ನಮ್ಮವರೂ ಕೂತಿದ್ದೆವು. ಅವರಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಬೇಕಾದದ್ದು ಮಾತ್ರ ಕೇಳುತ್ತದೆ. ಇನ್ನು ಕೇಳದಿದ್ದರೆ ಯಾವತ್ತೂ ಕೇಳಲಾರೆ ಎನಿಸಿತು.

"ಆ ದಿನ ನಳ್ಳಿಯ ಹತ್ತಿರ ನೀವು ಎಂತ ಕಂಡಿರಿ?" ಎಂದೆ.

ಯಾವ ದಿನ, ಯಾವ ನಳ್ಳಿ ಎಂದು ಅವರು ಕೇಳಲಿಲ್ಲ.

"ನೀನು ಎಂತ ಕಂಡೆ, ಅದನ್ನು ಮೊದಲು ಹೇಳು."

ನಾನು ಕಂಡದ್ದುಂಟು ಎಂದು ಅವರಿಗೆ ಯಾರು ಹೇಳಿದರು? ನಾನು ಹೇಳಿಲ್ಲ.

"ನೀವು ಮೊದಲು," ಎಂದೆ.

"ನೀನು ಮೊದಲು."

"ನೀವು ಗಂಡಸು, ನೀವು ಹೇಳಿ."

"ಮನೆಯ ಹೆಂಗಸೇ ಹೇಳ್ಬೇಕು ಅಂತ ಅಮ್ಮನ ಅಪ್ಪಣೆ ಉಂಟಲ್ಲ."

ಇಬ್ಬರೂ ಹೇಳಲಿಲ್ಲ. ಕೆಳಗೆ ಟ್ಯಾಕ್ಸಿಗಳು ಸಾಲಾಗಿ ಹೋಗುತ್ತಿದ್ದವು. ಅವರು ಬಗ್ಗಿ, ತಮ್ಮ ಹೆಗಲ ಮೇಲಿದ್ದ ಬೈರಾಸು ತೆಗೆದು ನನ್ನ ಎಡಗಾಲಿನ ಮೇಲೆ ಹೊದಿಸಿ, ಅಂಚನ್ನು ಬೆರಳುಗಳ ಕೆಳಗೆ ಜೋಪಾನವಾಗಿ ಸೇರಿಸಿದರು. ಎಂತಕ್ಕೆ ಎಂದು ಕೇಳಿದೆ. ಏಸಿಯ ಗಾಳಿಗೆ ಕಾಲು ತಣ್ಣಗಾಗುತ್ತದೆ ಎಂದರು.

ನಾವು ಕೂತದ್ದು ಹೊರಗೆ, ಬಾಲ್ಕನಿಯಲ್ಲಿ. ಬಿಸಿಗಾಳಿ ಬೀಸುತ್ತಿತ್ತು.